ನಾಟಿ ಮರ ಬೆಳೆಸೋಕೆ ರೈತರ ಸಂಘ ಬೇಕು

ಸಂಪಾದಕರೇ,

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜಮೀನು ಇರುವವರೇ ಸಂಘ ಕಟ್ಟಿಕೊಂಡು ಲಾಂಗ್‌ಲೀಫ್ ಪೈನ್ ಎಂಬ ಅಲ್ಲಿನ ನಾಟಿ ಮರ ಬೆಳೆಸುತ್ತಿದ್ದಾರೆ. ಒಂದು ಕಾಲಕ್ಕೆ ವರ್ಜೀನಿಯಾದಿಂದ ಟೆಕ್ಸಾಸ್‌ವರೆಗೆ ಸುಮಾರು 9 ಕೋಟಿ ಎಕರೆ ಹಬ್ಬಿದ್ದ ಕಾಡು ಅದು. ಕಡಿದು, ಉತ್ತು, ಬೇಗ ಬೆಳೆಯುವ ಬೇರೆ ಪೈನ್ ನೆಟ್ಟು ಕೊನೆಗೆ ನೂರಕ್ಕೆ ಮೂರು ಪಾಲಿನಷ್ಟು ಉಳಿಯಿತು. ಇದರ ಸಸಿ ಮೊದಲ ಕೆಲವು ವರ್ಷ ಹುಲ್ಲಿನ ಗುಪ್ಪೆಯ ಹಾಗೇ ಇರುತ್ತದೆ, ಮೇಲೆ ಏಳುವುದೇ ಇಲ್ಲ, ಬೇರು ಮಾತ್ರ ಆಳಕ್ಕೆ ಇಳಿಯುತ್ತಿರುತ್ತದೆ. ಬೆಂಕಿ ಬಂದರೆ ಎಲೆ ಸುಡುತ್ತದೆ, ನಡುವಿನ ಮೊಗ್ಗು ಉಳಿಯುತ್ತದೆ. ಸುತ್ತಲಿನ ಪೊದೆ ಮೇಲೆ ಬೀಳದಂತೆ ಆಗಾಗ ಹದವಾಗಿ ಬೆಂಕಿ ಕೊಡಲೇಬೇಕು. ಇದು ಒಬ್ಬರ ಕೈಲಿ ಆಗುವ ಕೆಲಸ ಅಲ್ಲ, ಅಲ್ವಾ? ಅಕ್ಕಪಕ್ಕದವರು ಸೇರಬೇಕು.

ಬೆಂಗಳೂರಿನ ಸುತ್ತ ಹೊಲಗಳಲ್ಲಿ ನೀಲಗಿರಿಯೇ ಜಾಸ್ತಿ ಆಗಿತ್ತು. 2017ರಲ್ಲಿ ಸರ್ಕಾರ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು, ಒಳ್ಳೆಯದೇ ಆಯಿತು. ಆದರೆ ಆ ಜಾಗಕ್ಕೆ ಹೊಂಗೆ, ಹಿಪ್ಪೆ, ಶ್ರೀಗಂಧ ಬರಬೇಕಾದರೆ ಸುಮ್ನೆ ಸಸಿ ಹಂಚಿದರೆ ಸಾಲದು. 2001ರ ಕಾನೂನು ತಿದ್ದುಪಡಿಯಿಂದ ತನ್ನ ಜಮೀನಿನ ಶ್ರೀಗಂಧಕ್ಕೆ ರೈತನೇ ಒಡೆಯ. ಆದರೂ ಕಳ್ಳರ ಭಯಕ್ಕೆ ಎಷ್ಟೋ ಜನ ನೆಡಲು ಹಿಂಜರಿಯುತ್ತಾರೆ. ಊರಿನವರು ಸೇರಿದರೆ ಕಾವಲೂ ಸುಲಭ, ಮಾರುವಾಗ ಬೆಲೆ ಕೇಳುವ ಧೈರ್ಯವೂ ಬರುತ್ತದೆ. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ರೈತರು ದಯವಿಟ್ಟು ಇಂಥ ಸಂಘ ಕಟ್ಟಲಿ, ಅರಣ್ಯ ಇಲಾಖೆ ಅವರ ಜೊತೆ ನಿಲ್ಲಲಿ.

ಓದುಗ, ಮಲ್ಲೇಶ್ವರ, ಬೆಂಗಳೂರು