ಅಟ್ಟದ ಮೇಲಿನ ರೀಲು ಡಬ್ಬಿ ಇಳಿಸಿ

ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ವೈ.ವಿ. ರಾವ್ ನಿರ್ದೇಶನ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಅಭಿನಯ. ಇವತ್ತು ನೋಡೋಣವೆಂದರೆ ಒಂದೇ ಒಂದು ಪ್ರಿಂಟೂ ಉಳಿದಿಲ್ಲ. ಹಳೆಯ ಚಿತ್ರಗಳನ್ನು ಕಾಪಾಡಿಡುವ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಪುಣೆಯಲ್ಲಿ ಶುರುವಾದದ್ದೇ 1964ರಲ್ಲಿ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ಆ ಗತಿ ಬರಲಿಲ್ಲ. 1977ರ ಆ ಚಿತ್ರದ ಮೂಲ ನೆಗೆಟಿವ್ ಪುಣೆಯ ಆರ್ಕೈವ್‌ನಲ್ಲಿ ಉಳಿದಿತ್ತು. ಅದರಿಂದ ಸಿದ್ಧವಾದ ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ತೆರೆಗೆ ಬಂತು. ಡಬ್ಬಿಯನ್ನು ಜೋಪಾನ ಮಾಡಿದವರು ಯಾರೋ, ಅವರಿಗೆ ದೊಡ್ಡ ನಮಸ್ಕಾರ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ನಾವಿರುವ ಬ್ರಿಟನ್‌ನಲ್ಲಿ ಆಯಾ ಸೀಮೆಯ ಚಿತ್ರಗಳನ್ನು ಕಾಪಾಡುವ ಆರ್ಕೈವ್‌ಗಳೇ ಇವೆ. 1976ರಲ್ಲಿ ಶುರುವಾದ ಈಸ್ಟ್ ಆಂಗ್ಲಿಯನ್ ಫಿಲ್ಮ್ ಆರ್ಕೈವ್ ಇವುಗಳಲ್ಲಿ ಮೊದಲನೆಯದು. ಮ್ಯಾಂಚೆಸ್ಟರಿನಲ್ಲಿ ಇನ್ನೊಂದಿದೆ, ಯಾರ್ಕ್‌ಶೈರಿಗೂ ಒಂದಿದೆ. ಸಂತೆ, ಗಿರಣಿ, ಬೀದಿ, ಮದುವೆ, ಮಕ್ಕಳ ಆಟ – ಮನೆಮಂದಿ ತೆಗೆದ ರೀಲುಗಳನ್ನೂ ಇವರು ಕಾಪಾಡುತ್ತಾರೆ, ಜನರಿಗೆ ತೋರಿಸುತ್ತಾರೆ. ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದ ನಮ್ಮ ಹಿರಿಯರು ಮನೆಬಳಕೆಯ ಪುಟ್ಟ ಕ್ಯಾಮೆರಾದಲ್ಲಿ ತೆಗೆದ ಸೂಪರ್ 8 ರೀಲು, ಆಮೇಲಿನ ರಾಜ್ಯೋತ್ಸವಗಳ ವಿಎಚ್‌ಎಸ್ ಕ್ಯಾಸೆಟ್ಟುಗಳೂ ಈ ಊರುಗಳ ಚರಿತ್ರೆಯೇ ಅಲ್ವಾ? ನಾವು ಕೊಡದಿದ್ದರೆ ಆ ಚರಿತ್ರೆಯಲ್ಲಿ ನಾವು ಇರುವುದೇ ಇಲ್ಲ.

ತಡ ಮಾಡಬೇಡಿ. ಡಬ್ಬಿ ತೆರೆದಾಗ ವಿನಿಗರ್ ವಾಸನೆ ಬಂದರೆ ಫಿಲ್ಮು ಹಾಳಾಗಲು ಶುರುವಾಗಿದೆ ಎಂದೇ ಅರ್ಥ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್ ಪಟ್ಟಿ ಸೆಖೆಗೂ ತೇವಕ್ಕೂ ಕೊಳೆಯುತ್ತದೆ, ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಬಿಸಿಲುಗಾಲದಲ್ಲಿ ಕಾಯುವ ಅಟ್ಟ ಅದಕ್ಕೆ ತೀರಾ ಕೆಟ್ಟ ಜಾಗ. ದಯವಿಟ್ಟು ಸುಮ್ನೆ ಒಮ್ಮೆ ನೋಡೋಣ ಎಂದು ಹಳೇ ಪ್ರೊಜೆಕ್ಟರಿಗೆ ಹಾಕಬೇಡಿ. ಕುಗ್ಗಿದ ಪಟ್ಟಿಯ ಅಂಚಿನ ತೂತುಗಳು ಹರಿದುಹೋಗುತ್ತವೆ. ಕ್ಯಾಸೆಟ್ಟುಗಳ ಪಾಡೂ ಅಷ್ಟೇ. ಅವನ್ನು ಹಾಕಿ ನೋಡುವ ವಿಸಿಆರ್ ಯಂತ್ರಗಳ ತಯಾರಿಕೆ 2016ಕ್ಕೇ ನಿಂತಿತು.

ಡಬ್ಬಿ ಉಳಿದರಷ್ಟೇ ಸಾಲದು. 1899ರಲ್ಲಿ ಭಾರತದಲ್ಲಿ ತೆಗೆದ ಒಂದು ಪುಟ್ಟ ಚಿತ್ರ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿದೆ. ದೋಣಿಯಿಂದ ಕಾಣುವ ಘಾಟು, ಮೆಟ್ಟಿಲು, ಸ್ನಾನಕ್ಕಿಳಿದ ಜನ. ಹೆಸರಿನಲ್ಲಿರುವುದು ಕಲ್ಕತ್ತಾ, ಕಾಣುವುದು ಕಾಶಿ! ಕಾಶಿ ಜಗತ್ತಿಗೇ ಗೊತ್ತಿರುವ ಊರು, ಯಾರಾದರೂ ಗುರುತಿಸುತ್ತಾರೆ. ಬಾಡಿಗೆ ಹಾಲಿನಲ್ಲಿ ನಡೆದ ನಮ್ಮ ಯುಗಾದಿ ಊಟವನ್ನು, ಪಂಕ್ತಿಯಲ್ಲಿ ಬಡಿಸುತ್ತಿರುವ ಜರಿ ಸೀರೆಯ ಹೆಂಗಸನ್ನು ಮುಂದೆ ಗುರುತಿಸುವವರು ಯಾರು? ಆ ಹೆಸರು ಇವತ್ತಿಗೂ ನಮ್ಮ ಕೆಲವು ಹಿರಿಯರ ಬಾಯಲ್ಲಿದೆ. ಬರೆದಿಟ್ಟಿಲ್ಲ, ಅಷ್ಟೇ.

ಅದಕ್ಕೇ ದೀಪಾವಳಿ ಕಾರ್ಯಕ್ರಮದ ದಿನ ಹಾಲಿನಲ್ಲಿ ಒಂದು ಮೇಜು ಹಾಕುತ್ತಿದ್ದೇವೆ. ರೀಲು, ಕ್ಯಾಸೆಟ್ಟು ಏನಿದ್ದರೂ ತನ್ನಿ. ಎಲ್ಲಿ, ಯಾವಾಗ, ಯಾರು ತೆಗೆದದ್ದು ಎಂದು ಬರೆದುಕೊಳ್ಳುತ್ತೇವೆ. ಒಪ್ಪಿಗೆಯಿದ್ದರೆ ನಿಮ್ಮ ಭಾಗದ ಆರ್ಕೈವ್‌ಗೆ ಸಂಘದ ಪರವಾಗಿ ನಾವೇ ಬರೆಯುತ್ತೇವೆ. ಹಕ್ಕು ಯಾರದು, ಯಾರಿಗೆಲ್ಲ ತೋರಿಸಬಹುದು ಎಂಬುದನ್ನು ಕೊಡುವ ಮೊದಲೇ ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳೋಣ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರನ್ನೂ ಕರೆತನ್ನಿ. ಅವರ ಪಕ್ಕದಲ್ಲಿ ಕೂತು ಹೆಸರು ಬರೆದುಕೊಳ್ಳಲು ಕನ್ನಡ ಬರೆಯಬಲ್ಲ ಹುಡುಗ ಹುಡುಗಿಯರು ಬೇಕಾಗಿದ್ದಾರೆ.