ಕೆಟ್ಟಿದ್ದು ಇಂಜಿನ್ ಕಂಪ್ಯೂಟರ್ (ಇಸಿಯು), ಬದಲಿಸಿದ್ದು ಪಂಪು, ಕಾಯಿಲು: 14,300 ರೂಪಾಯಿ ವಾಪಸ್ ಕೊಡಿ

ಇವರಿಂದ: ಬೆಟಗೇರಿಯ ಒಬ್ಬ ಸೀರೆ ವ್ಯಾಪಾರಿ, ಗದಗ ಜಿಲ್ಲೆ
ಇವರಿಗೆ: ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು
ಪ್ರತಿ: ಮ್ಯಾನೇಜರ್, ಹುಬ್ಬಳ್ಳಿ ಸರ್ವಿಸ್ ಸೆಂಟರ್
ದಿನಾಂಕ: 2 ಜೂನ್ 2025

ವಿಷಯ: 2007ರ ಪೆಟ್ರೋಲ್ ಕಾರಿನ ದೋಷ ಪತ್ತೆ ಮಾಡದೆ ಚೆನ್ನಾಗಿದ್ದ ಭಾಗಗಳನ್ನು ಬದಲಿಸಿ ಹಣ ಪಡೆದ ಬಗ್ಗೆ.

ಮಾನ್ಯರೇ,

ನಿಮ್ಮ ಕಂಪನಿಯ ಕಾರನ್ನು ನಾನು 18 ವರ್ಷದಿಂದ ಓಡಿಸುತ್ತಿದ್ದೇನೆ. ಹೊಸದಾಗಿ ತಗೊಂಡಿದ್ದೇ ನಾನು, ಇವತ್ತಿಗೂ ನನ್ನ ಹೆಸರಲ್ಲೇ ಇದೆ. ಸೀರೆ ಗಂಟು ಹಾಕಿಕೊಂಡು ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಬರುತ್ತೇನೆ. ಅವ್ವನನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆತರುವುದೂ ಇದರಲ್ಲೇ. ಆಯಿಲ್ ಬದಲಿಸುವ ತಾರೀಕು ಒಂದು ಸಲವೂ ತಪ್ಪಿಸಿಲ್ಲ. ಸರ್ವಿಸ್ ಎಲ್ಲಾ ನಿಮ್ಮಲ್ಲೇ ಮಾಡಿಸಿದ್ದೇನೆ, ಬಿಲ್ಲುಗಳೂ ಇವೆ.

ಈ ಮಾರ್ಚ್ ಮೊದಲ ವಾರದಿಂದ ಗಾಡಿ ಜರ್ಕ್ ಹೊಡೆಯಲು ಶುರುವಾಯಿತು. ಒಂದೆರಡು ಸಲ ಓಡುತ್ತಿದ್ದ ಹಾಗೇ ಆಫ್ ಆಯಿತು. ಮಾರ್ಚ್ 10ಕ್ಕೆ ನಿಮ್ಮಲ್ಲಿಗೆ ತಂದೆ. ಸ್ಕ್ಯಾನರ್ ಹಾಕಿದರು, ಪಿ0335 ಅಂತ ಕೋಡ್ ಬಂತು. ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಹೋಗಿದೆ ಎಂದು ಹೊಸದು ಹಾಕಿ 3,450 ರೂಪಾಯಿ ಬಿಲ್ ಮಾಡಿದರು. ಆ ಕೋಡಿನ ಅರ್ಥ ಸೆನ್ಸರ್ ಸತ್ತಿದೆ ಎಂದಲ್ಲ, ಅದರ ಸರ್ಕ್ಯೂಟಿನಲ್ಲಿ ಎಲ್ಲೋ ದೋಷವಿದೆ ಎಂದು. ಆ ದಾರಿಯಲ್ಲಿ ಸೆನ್ಸರ್ ಇದೆ, ವೈರ್ ಇದೆ, ಕನೆಕ್ಟರ್ ಇದೆ, ಕೊನೆಗೆ ಇಸಿಯು ಇದೆ. ಇದು ನನಗೆ ಆಮೇಲೆ ಗೊತ್ತಾಯಿತು. ದಿನಾ ಇದೇ ಕೆಲಸ ಮಾಡುವವರಿಗೆ ಮೊದಲೇ ಗೊತ್ತಿರಬೇಕಲ್ವಾ?

ಹದಿನೈದು ದಿನದಲ್ಲಿ ಗಾಡಿ ಮತ್ತೆ ನಿಂತಿತು. ಈ ಸಲ ಪೂರ್ತಿ ಸುಮ್ಮನಾಯಿತು. ಇಲ್ಲಿ ನಾನು ಗಮನಿಸಿದ್ದನ್ನು ನೀವು ದಯವಿಟ್ಟು ನಿಧಾನವಾಗಿ ಓದಬೇಕು. ಕೀ ತಿರುಗಿಸಿದರೆ ಇಂಜಿನ್ ಲೈಟ್ ಹತ್ತಬೇಕು. ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪ್ ಎರಡು ಸೆಕೆಂಡ್ ಗುಂಯ್ ಅನ್ನಬೇಕು. 18 ವರ್ಷ ಕೇಳಿದ ಸದ್ದು ಅದು, ನನಗೆ ತಪ್ಪುವುದಿಲ್ಲ. ಗಾಡಿ ನಿಂತಾಗ ಲೈಟೂ ಹತ್ತಲಿಲ್ಲ, ಸದ್ದೂ ಬರಲಿಲ್ಲ. ಸೆಲ್ಫ್ ಹೊಡೆದರೆ ಇಂಜಿನ್ ಸುಮ್ನೆ ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ಬಾನೆಟ್ ಎತ್ತಿ ಅರ್ಧ ತಾಸು ಬಿಟ್ಟರೆ ಏನೂ ಆಗೇ ಇಲ್ಲವೆನ್ನುವಂತೆ ಸ್ಟಾರ್ಟ್ ಆಗುತ್ತಿತ್ತು.

ಇಷ್ಟನ್ನೂ ಮಾರ್ಚ್ 27ರಂದು ನಿಮ್ಮ ಅಡ್ವೈಸರ್‌ಗೆ ಎರಡೆರಡು ಸಲ ಹೇಳಿದೆ. ಜಾಬ್ ಕಾರ್ಡಿನಲ್ಲಿ ಅವರು ಬರೆದದ್ದು ‘ಸ್ಟಾರ್ಟಿಂಗ್ ಪ್ರಾಬ್ಲಮ್’ ಎಂಬ ಎರಡೇ ಪದ. ಬಿಸಿಯಾದರೆ ನಿಲ್ಲುತ್ತದೆ, ತಣ್ಣಗಾದರೆ ಹತ್ತುತ್ತದೆ, ಇಂಜಿನ್ ಲೈಟ್ ಬರುವುದಿಲ್ಲ ಎಂಬ ಮೂರೂ ಮಾತು ಬಿಟ್ಟುಹೋದವು. ಪಂಪಿನ ಸದ್ದಿಲ್ಲ ಎಂಬ ಒಂದನ್ನು ಹಿಡಿದುಕೊಂಡು ಪಂಪ್ ಬದಲಿಸಿದರು. 8,600 ರೂಪಾಯಿ.

ಏಪ್ರಿಲ್ 11ರ ಮಧ್ಯಾಹ್ನ ಅವ್ವನನ್ನು ಆಸ್ಪತ್ರೆಯಿಂದ ಕರೆದುಕೊಂಡು ಹೊರಟಿದ್ದೆ. ಅಣ್ಣಿಗೇರಿ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ ಗಾಡಿ ನಿಂತಿತು. ಎರಡೂ ಕಡೆ ಬರಿದಾದ ಎರಿ ಹೊಲ, ನೆರಳಿಗೆ ಒಂದು ಗಿಡವಿಲ್ಲ. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. 74 ವರ್ಷದ ಅವ್ವ ಸೆರಗು ತಲೆ ಮೇಲೆ ಎಳೆದುಕೊಂಡು, "ಪೆಟ್ರೋಲ್ ಮುಗದೈತೇನು ನೋಡಪಾ" ಎಂದಳು. ನಾಲ್ಕು ದಿನ ಮುಂಚೆ ಟ್ಯಾಂಕ್ ತುಂಬಿಸಿದ್ದೆ. ಬಾಟಲಿಯಲ್ಲಿದ್ದ ನೀರನ್ನು ಅವ್ವನಿಗೆ ಕುಡಿಸಿ, ಟವೆಲ್ ಒದ್ದೆ ಮಾಡಿ ತಲೆ ಮೇಲೆ ಹಾಕಿದೆ. ಗಾಡಿ ಹತ್ತಲು ಮುಕ್ಕಾಲು ತಾಸಾಯಿತು. ಈ ಪತ್ರ ಬರೆಯುವಾಗಲೂ ಅದೇ ಕಣ್ಣ ಮುಂದೆ ಬರುತ್ತದೆ.

ಏಪ್ರಿಲ್ 16ಕ್ಕೆ ಮತ್ತೆ ಬಂದೆ. ಸ್ಪಾರ್ಕ್ ಬರುತ್ತಿಲ್ಲ ಎಂದು ಇಗ್ನಿಷನ್ ಕಾಯಿಲ್ ಬದಲಿಸಿದರು, 5,700 ರೂಪಾಯಿ. ಅದೂ ಆಗಲಿಲ್ಲ. ಮೇ 5ಕ್ಕೆ ಕೊನೆಗೂ ಇಸಿಯು ಹೋಗಿದೆ ಎಂದರು. ಹೊಸದಕ್ಕೆ 46,500 ರೂಪಾಯಿ, ಆದರೆ ಸ್ಟಾಕ್ ಇಲ್ಲ, ಬರುವುದೂ ಅನುಮಾನ, ಹಳೆಯ ಇಸಿಯು ತಮಗೇ ಬಿಟ್ಟುಕೊಡಬೇಕು ಅಂತ ಷರತ್ತು. ಜೊತೆಗೆ, "ಇಷ್ಟು ಹಳೇ ಗಾಡಿ ಯಾಕ್ ಇಟ್ಕೊಂಡೀರಿ ಸರ್, ಗುಜರಿಗೆ ಹಾಕಿ ಹೊಸದು ತಗೋರಿ" ಎಂಬ ಸಲಹೆ.

ಗುಜರಿಗೆ ಯಾಕೆ ಹಾಕಬೇಕು? 15 ವರ್ಷ ತುಂಬಿದಾಗ 2022ರಲ್ಲಿ ಆರ್‌ಟಿಒ ತಪಾಸಣೆ ಮಾಡಿಯೇ ಇನ್ನೂ 5 ವರ್ಷಕ್ಕೆ ನೋಂದಣಿ ಕೊಟ್ಟಿದೆ. ಇಂಜಿನ್ ಹೊಗೆ ಉಗುಳುವುದಿಲ್ಲ, ಬಾಡಿ ತುಕ್ಕು ಹಿಡಿದಿಲ್ಲ. ಹಳೆಯ ಇಸಿಯು ಬಿಟ್ಟುಕೊಡಲು ನಾನು ಒಪ್ಪದಿದ್ದಕ್ಕೂ ಕಾರಣವಿದೆ. ನನ್ನ ಗಾಡಿಯ ಕೀ ಗುರುತು ಅದರಲ್ಲೇ ಇದೆ. ಗುಜರಿ ಅಂಗಡಿಯಿಂದ ಅದೇ ಮಾಡೆಲಿನದು ತಂದು ಸಿಕ್ಕಿಸಿದರೂ ಕೀ ಹೊಂದಿಸದೆ ಗಾಡಿ ಹತ್ತುವುದಿಲ್ಲ.

ಮೇ 19ರಂದು ಹುಬ್ಬಳ್ಳಿಯಲ್ಲೇ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವ ಒಬ್ಬರ ಬಳಿ ಹೋದೆ. ಮೊದಲು ಟಿವಿ ರಿಪೇರಿ ಮಾಡುತ್ತಿದ್ದವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಗಾಡಿ ಚಾಲೂ ಇಟ್ಟು, ಬ್ಯಾಟರಿ ಪಕ್ಕದಲ್ಲಿರುವ ಇಸಿಯು ಡಬ್ಬಿಗೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿ ಗಾಳಿ ಹಿಡಿದರು. ನಾಲ್ಕೇ ನಿಮಿಷ, ಇಂಜಿನ್ ಆಫ್. ಕೀ ಹಾಕಿದರೆ ಲೈಟ್ ಇಲ್ಲ, ಪಂಪಿನ ಸದ್ದಿಲ್ಲ. ಫ್ಯಾನ್ ಹಚ್ಚಿ ತಣ್ಣಗೆ ಮಾಡಿದ ಮೇಲೆ ಎರಡೂ ಬಂದವು. ಎರಡು ತಿಂಗಳಾದರೂ ನಿಮ್ಮಲ್ಲಿ ಸಿಗದ ದೋಷ ಕಾಲು ತಾಸಿನಲ್ಲಿ ಸಿಕ್ಕಿತು.

ಡಬ್ಬಿ ಬಿಚ್ಚಿ ನನಗೂ ಭೂತಗನ್ನಡಿಯಲ್ಲಿ ತೋರಿಸಿದರು. ದೊಡ್ಡ ಕನೆಕ್ಟರಿನ ಪಿನ್‌ಗಳು ಬೋರ್ಡಿಗೆ ಸೇರುವ ಕಡೆ, ಎರಡು ಪಿನ್‌ಗಳ ಸೋಲ್ಡರಿನ (ಬೆಸುಗೆಯ) ಸುತ್ತ ತೆಳ್ಳಗೆ ಕಪ್ಪು ಉಂಗುರ. "ನೋಡ್ರಿ ಅಣ್ಣಾರ, ಕೂದಲಿನಂಥಾ ಗೆರಿ ಕಾಣ್ತದಲ್ರೀ, ಅಷ್ಟ ರೋಗ" ಎಂದರು. ಒಂದು ಬ್ಯಾಟರಿ ಕರೆಂಟ್ ಬರುವ ಪಿನ್, ಇನ್ನೊಂದು ಕ್ರ್ಯಾಂಕ್ ಸೆನ್ಸರ್ ವೈರಿನದು. ಇಂಜಿನ್ ಪಕ್ಕದಲ್ಲೇ ಇರುವ ಬೋರ್ಡ್ ದಿನಾ ಬಿಸಿಯಾಗುತ್ತದೆ, ತಣ್ಣಗಾಗುತ್ತದೆ. ಪಿನ್ನು, ಸೋಲ್ಡರು, ಬೋರ್ಡು ಮೂರೂ ಒಂದೇ ಸಮ ಹಿಗ್ಗುವುದಿಲ್ಲ. ವರ್ಷಗಟ್ಟಲೆ ಹೀಗೆ ಎಳೆದಾಡಿ ಸೋಲ್ಡರ್ ಬಿರುಕು ಬಿಡುತ್ತದೆ. ಬಿಸಿಯಾದಾಗ ಬಿರುಕು ಬಾಯಿ ಬಿಡುತ್ತಿತ್ತು, ಕರೆಂಟ್ ತಪ್ಪುತ್ತಿತ್ತು. ಹಳೆ ಸೋಲ್ಡರ್ ತೆಗೆದು ಹೊಸದು ಹಾಕಿದರು. ತಗೊಂಡದ್ದು 1,800 ರೂಪಾಯಿ. ಅಲ್ಲಿಂದ ನಾಲ್ಕು ಸಲ ಹುಬ್ಬಳ್ಳಿಗೆ ಹೋಗಿ ಬಂದಿದ್ದೇನೆ, ಎಲ್ಲೂ ನಿಂತಿಲ್ಲ.

ಪಂಪಿಗೆ ರಿಲೇ ಎಂಬ ಸ್ವಿಚ್ ಮೂಲಕ ಕರೆಂಟ್ ಕೊಡಿಸುವುದು ಇಸಿಯು. ಕಾಯಿಲಿಗೆ ಸ್ಪಾರ್ಕ್ ಹೊಡಿ ಎಂದು ಹೇಳುವುದೂ ಅದೇ. ಇಂಜಿನ್ ಲೈಟ್ ಹಚ್ಚುವುದೂ ಅದೇ. ಮೂರೂ ಒಟ್ಟಿಗೆ ಸತ್ತರೆ ಮೊದಲು ನೋಡಬೇಕಾದದ್ದು ಇಸಿಯು ಮತ್ತು ಅದಕ್ಕೆ ಬರುವ ಕರೆಂಟು. ಒಂದು ಮಲ್ಟಿಮೀಟರ್ ಸಾಕಿತ್ತು. ಮೊದಲ ಸಲದ 3,450 ರೂಪಾಯಿ ನಾನು ಕೇಳುವುದಿಲ್ಲ. ಕೋಡ್ ಆ ಕಡೆಗೇ ಬೆರಳು ಮಾಡಿತ್ತು, ಯಾರಿಗಾದರೂ ತಪ್ಪಬಹುದು. ಆದರೆ ಆಮೇಲಿನ ಎರಡೂ ಬರೀ ಊಹೆ. ನಿಮ್ಮ ಊಹೆಗೆ ನಾನು ದುಡ್ಡು ಕೊಡುವುದಿಲ್ಲ.

ಆ ಎರಡು ಬಿಲ್ಲಿನ 14,300 ರೂಪಾಯಿ ನನಗೆ ವಾಪಸ್ ಬೇಕು. ಬಿಚ್ಚಿದ ನನ್ನ ಪಂಪ್ ಮತ್ತು ಕಾಯಿಲ್ ಎಲ್ಲಿವೆ ಎಂದು ಕೇಳಿದರೆ ಇವತ್ತಿಗೂ ಉತ್ತರವಿಲ್ಲ. ಅವನ್ನು ಕೊಡಿ, ಇಲ್ಲವೇ ಏನಾದವು ಎಂದು ಬರೆದು ಕೊಡಿ. ಗ್ರಾಹಕ ಹೇಳಿದ ಲಕ್ಷಣವನ್ನು ಅವನ ಮಾತಲ್ಲೇ ಜಾಬ್ ಕಾರ್ಡಿನಲ್ಲಿ ಬರೆಯಿರಿ ಎಂದು ಸೆಂಟರಿಗೆ ತಿಳಿಸಿ. ಇನ್ನೊಂದು ಮಾತು ನನ್ನೊಬ್ಬನಿಗಾಗಿ ಅಲ್ಲ. ಗದಗ, ಹಾವೇರಿ ಕಡೆ ನಿಮ್ಮ ಇದೇ ಮಾಡೆಲ್ ಈಗಲೂ ಬೇಕಾದಷ್ಟು ಓಡುತ್ತಿವೆ. ಹೊಸ ಇಸಿಯು ಕೊಡಲು ಆಗದಿದ್ದರೆ, ಹಳೆಯದನ್ನು ರಿಪೇರಿ ಮಾಡಿಕೊಡುವ ವ್ಯವಸ್ಥೆಯನ್ನು ನೀವೇ ಮಾಡಿ. ರಿಪೇರಿ ಹಕ್ಕಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲೇ ಪೋರ್ಟಲ್ ತೆರೆದಿದೆ. ಕಾರುಗಳೂ ಅದರಲ್ಲಿ ಸೇರಿವೆ.

ಮೂರು ಬಿಲ್, ಜಾಬ್ ಕಾರ್ಡ್, ಬಿರುಕು ಬಿಟ್ಟ ಪಿನ್‌ಗಳ ಫೋಟೋ ಮತ್ತು ರಿಪೇರಿ ರಸೀದಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ. 15 ದಿನದೊಳಗೆ ಲಿಖಿತ ಉತ್ತರ ಬರಬೇಕು. ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, ಗದಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ.

ಈ ತಿಂಗಳು 13ಕ್ಕೆ ಅವ್ವನನ್ನು ಮತ್ತೆ ಹುಬ್ಬಳ್ಳಿಗೆ ಕರೆತರುತ್ತಿದ್ದೇನೆ, ಇದೇ ಕಾರಿನಲ್ಲಿ. ಅವತ್ತು ಸೆಂಟರಿಗೂ ಬರುತ್ತೇನೆ. ಪಂಪ್, ಕಾಯಿಲ್ ಎತ್ತಿಡಲು ಹೇಳಿ.

ಇಂತಿ,
ಬೆಟಗೇರಿಯ ನಿಮ್ಮ ಗ್ರಾಹಕ