ಮೊದಲು ಹಿಂಬದಿ ತಿರುಗಿಸಿ ನೋಡು

ಚಿ. ಅನುಗೆ ಅಪ್ಪನ ಆಶೀರ್ವಾದಗಳು.

ನೀನು ಕಳಿಸಿದ ನಾಲ್ಕು ಹಳೆಯ ನಾಣ್ಯಗಳ ಫೋಟೋಗಳೂ ಮುಂಬದಿಯವೇ. ರಾಣಿಯ ಮುಖ ಚೆನ್ನಾಗಿದೆ, ಕೊಳ್ಳಲೇ ಎಂದು ಕೇಳಿದ್ದೀಯ. ರೋಮಿನ ಟಂಕಸಾಲೆಯ ನಾಣ್ಯವಾಗಿದ್ದರೆ ಮುಖ ನೋಡಿಯೇ ಅರ್ಧ ಉತ್ತರ ಹೇಳಿಬಿಡಬಹುದಿತ್ತು. ಇವು ರೋಮನ್ ಸಾಮ್ರಾಜ್ಯದ ಪ್ರಾಂತೀಯ ನಾಣ್ಯಗಳಮ್ಮ, ಊರೂರಿನ ಚಿಲ್ಲರೆ. ಮುಂದೆ ಚಕ್ರವರ್ತಿಯೋ ಅವನ ಮನೆಯ ಹೆಂಗಸೋ ಇದ್ದರೆ ಹಿಂದೆ ಆ ಊರಿನ ದೇವತೆ, ಗುಡಿ, ನದಿ, ಸುತ್ತ ಊರಿನ ಹೆಸರು. ನಾಣ್ಯದ ಗುರುತು ಹತ್ತುವುದು ಹಿಂಬದಿಯಿಂದ. ಊರಿನ ಹೆಸರು ಓದಲು ಬಾರದ ನಾಣ್ಯ ಎಷ್ಟೇ ಅಗ್ಗವಾದರೂ ಬೇಡ. ಮುಖ ಸವೆದಿದ್ದರೂ ಊರು ಸ್ಪಷ್ಟವಾಗಿದ್ದರೆ ತೆಗೆದುಕೋ.

ಓದುವುದು ಅಂದುಕೊಂಡಷ್ಟು ಕಷ್ಟವಲ್ಲ. ಬಹುಪಾಲು ಬರಹ ಗ್ರೀಕ್. ಇಂಗ್ಲಿಷಿನ ‘ಸಿ’ಯಂತೆ ಕಾಣುವುದು ‘ಸ’, ‘ಪಿ’ಯಂತೆ ಕಾಣುವುದು ‘ರ’, ‘ಎಚ್’ನಂತೆ ಕಾಣುವುದು ದೀರ್ಘ ‘ಏ’. ಇಷ್ಟು ಗೊತ್ತಿದ್ದರೆ ‘ಸೆಬಾಸ್ಟೇ’ ಎಂಬ ಪದ ಹಿಡಿಯಬಹುದು. ಲ್ಯಾಟಿನ್ನಿನ ಆಗಸ್ಟಾಗೆ, ಅಂದರೆ ಮಹಾರಾಣಿಯ ಬಿರುದಿಗೆ, ಗ್ರೀಕರು ಕೊಟ್ಟ ಹೆಸರು ಅದು. ಎಷ್ಟೋ ನಾಣ್ಯಗಳಲ್ಲಿ ಜಾಗ ಸಾಲದೆ ‘ಸೆಬ್’ ಎಂದೋ ‘ಸೆ’ ಎಂದೋ ನಿಲ್ಲಿಸಿರುತ್ತಾರೆ. ಹಿಂಬದಿಯ ಊರಿನ ಹೆಸರು ಸಾಮಾನ್ಯವಾಗಿ ‘ಓನ್’ ಎಂದು ಮುಗಿಯುತ್ತದೆ. ‘ಮಾರ್ಕಿಯಾನೋಪೊಲಿಟೋನ್’ ಎಂದರೆ ಮಾರ್ಕಿಯಾನೋಪೊಲಿಸ್‌ನವರದು ಎಂದು. ರೋಮಿನ ಹಕ್ಕುಪತ್ರ ಪಡೆದ ಕೆಲವು ಊರುಗಳು ಮಾತ್ರ ಲ್ಯಾಟಿನ್ನಿನಲ್ಲಿ ಬರೆಸಿದವು. ಇಂದಿನ ಉತ್ತರ ಮ್ಯಾಸಿಡೋನಿಯಾದಲ್ಲಿರುವ ಸ್ಟೋಬಿ ಅಂಥದ್ದು. ಅಲ್ಲಿನ ಜೂಲಿಯಾ ಡೊಮ್ನಾ (ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಹೆಂಡತಿ) ನಾಣ್ಯಗಳು, ಹಿಂದೆ ವಿಜಯದೇವತೆ ಇರುವಂಥವು, ಧಾರಾಳವಾಗಿ ಸಿಗುತ್ತವೆ. ಕೈ ಪಳಗಿಸಿಕೊಳ್ಳಲು ಒಂದು ಇರಲಿ.

ಆದರೆ ನಿನ್ನ ಸಂಗ್ರಹದ ಮೊದಲ ಒಳ್ಳೆಯ ನಾಣ್ಯ ಟ್ರಾಂಕ್ವಿಲ್ಲಿನಾಳದ್ದಾಗಲಿ ಎಂಬುದು ನನ್ನ ಮಾತು. ಚಕ್ರವರ್ತಿ ಮೂರನೆಯ ಗೋರ್ಡಿಯನ್ ಅವಳನ್ನು ಕ್ರಿ.ಶ. 241ರಲ್ಲಿ ಮದುವೆಯಾದ, 244ರಲ್ಲಿ ತೀರಿಕೊಂಡ. ರೋಮಿನಲ್ಲಿ ಅವಳ ಹೆಸರಿನಲ್ಲಿ ಹೊಡೆದ ಬೆಳ್ಳಿ ತೀರಾ ಅಪರೂಪ, ನಿನ್ನ ಸಂಬಳಕ್ಕೆ ನಿಲುಕುವುದಲ್ಲ. ಅದೇ ಹೆಂಗಸು ಥ್ರೇಸ್, ಮೋಸಿಯಾ (ಇಂದಿನ ಬಲ್ಗೇರಿಯಾದ ಸುತ್ತಿನ ಪ್ರಾಂತ್ಯಗಳು), ಏಷ್ಯಾ ಮೈನರ್ (ಇಂದಿನ ಟರ್ಕಿ) ಇವುಗಳ ಕಂಚಿನಲ್ಲಿ ಬೇಕಾದಷ್ಟು ಸಿಗುತ್ತಾಳೆ. ಪ್ರಾಂತೀಯ ನಾಣ್ಯಗಳ ರುಚಿ ಇರುವುದೇ ಇಲ್ಲಿ. ಮೆಸ್ಸಲಿನಾಳನ್ನೇ ನೋಡು: ಗಂಡ, ಚಕ್ರವರ್ತಿ ಕ್ಲಾಡಿಯಸ್ ಅವಳಿಗೆ ಆಗಸ್ಟಾ ಬಿರುದು ಕೊಡಲು ಒಪ್ಪಲಿಲ್ಲ, ರೋಮಿನ ಟಂಕಸಾಲೆ ಅವಳ ಹೆಸರಿನಲ್ಲಿ ಒಂದು ನಾಣ್ಯವನ್ನೂ ಹೊಡೆಯಲಿಲ್ಲ. ಈಜಿಪ್ಟಿನ ಅಲೆಕ್ಸಾಂಡ್ರಿಯಾದವರು ಮಾತ್ರ ಕ್ಲಾಡಿಯಸ್‌ನ ಟೆಟ್ರಾಡ್ರಾಕ್ಮ ಎಂಬ ನಾಣ್ಯದ ಹಿಂಬದಿಯಲ್ಲಿ ಅವಳನ್ನು ನಿಲ್ಲಿಸಿ, ಅಂಗೈ ಮೇಲೆ ಎರಡು ಪುಟ್ಟ ಮಕ್ಕಳನ್ನಿಟ್ಟು, ‘ಸೆಬಾಸ್’ ಎಂದೂ ಬರೆದುಬಿಟ್ಟರು.

ಟ್ರಾಂಕ್ವಿಲ್ಲಿನಾಳಿಗೆ ಮಾರ್ಕಿಯಾನೋಪೊಲಿಸ್‌ನದೇ ಹುಡುಕು. ಬಲ್ಗೇರಿಯಾದ ಈಗಿನ ದೇವ್ನ್ಯಾ ಅದು. ಟ್ರಾಜನ್ ಚಕ್ರವರ್ತಿಯ ಅಕ್ಕ ಮಾರ್ಕಿಯಾನಾಳ ಹೆಸರನ್ನೇ ಹೊತ್ತ ಊರು, ರಾಣಿಯರ ಸಂಗ್ರಹಕ್ಕೆ ಹೇಳಿ ಮಾಡಿಸಿದ ಹಾಗಿದೆ. ಗಂಡ ಹೆಂಡತಿ ಎದುರುಬದುರಾಗಿ ನೋಡುತ್ತಿರುತ್ತಾರೆ. ಹಿಂದೆ ಪ್ರಾಂತಾಧಿಕಾರಿ ಟೆರ್ಟುಲ್ಲಿಯಾನಸ್‌ನ ಹೆಸರು, ಖಾಲಿ ಜಾಗದಲ್ಲಿ ದುಂಡಗಿನ ‘ಎ’ ಅಕ್ಷರ (ಗ್ರೀಕಿನ ಎಪ್ಸಿಲಾನ್, ಇಂಗ್ಲಿಷಿನ ‘ಇ’ಯಂತೆ ಕಾಣುವುದು). ಗ್ರೀಕರಿಗೆ ಅಕ್ಷರವೇ ಅಂಕಿ, ಆ ‘ಎ’ ಎಂದರೆ ಐದು, ಐದು ಅಸ್ಸಾರಿಯ (ಆಗಿನ ಚಿಲ್ಲರೆಯ ಲೆಕ್ಕ) ನಾಣ್ಯ. ಅಡ್ಡಳತೆ 26ರಿಂದ 28 ಮಿಲಿಮೀಟರ್, ತೂಕ ಸುಮಾರು 10ರಿಂದ 13 ಗ್ರಾಂ. ಒಂದೆರಡು ಗ್ರಾಂ ಹೆಚ್ಚುಕಮ್ಮಿಯಾದರೆ ಗಾಬರಿಯಾಗಬೇಡ. ಊರಿನ ಕಂಚನ್ನು ಬಂಗಾರದಂತೆ ಒಂದೊಂದೇ ತೂಗಿ ಹೊಡೆಯುತ್ತಿರಲಿಲ್ಲ.

ಈ ನಾಣ್ಯಗಳ ನಟ್ಟನಡುವೆ, ಎರಡೂ ಬದಿ, ಸಾಸಿವೆ ಕಾಳು ಕೂರುವಷ್ಟು ಗುಳಿ ಇರುತ್ತದೆ. ಹೊಸಬರು ಯಾರೋ ಮೊಳೆ ಹೊಡೆದು ಕೆಡಿಸಿದ್ದಾರೆಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಅಚ್ಚೊತ್ತುವ ಮೊದಲೇ, ಬಿಲ್ಲೆಯನ್ನು ಹಿಡಿದು ನಯ ಮಾಡುವಾಗ ಉಪಕರಣದ ಮೊನೆಯಿಂದ ಆದದ್ದು. ಊನವಲ್ಲ. ಹಾಗೆಯೇ ಕೆಲವದರ ಮೇಲೆ ಮತ್ತೊಂದು ಚಿಕ್ಕ ಮುದ್ರೆ ಒತ್ತಿರುತ್ತಾರೆ. ಪಾಂಫೀಲಿಯಾದ (ಟರ್ಕಿಯ ದಕ್ಷಿಣ ಕರಾವಳಿ) ಸೀಡೆ ಊರಿನ ಸಲೋನಿನಾ (ಚಕ್ರವರ್ತಿ ಗ್ಯಾಲಿಯೆನಸ್‌ನ ಹೆಂಡತಿ) ನಾಣ್ಯಗಳ ಮೇಲೆ ‘ಎ’ ಮುದ್ರೆ ಸಾಮಾನ್ಯ. ಬೆಲೆ ಬದಲಾದಾಗ ಹಳೆಯದರ ಮೇಲೇ ಒತ್ತಿ ಚಲಾವಣೆಗೆ ಬಿಟ್ಟದ್ದು. ನನಗಂತೂ ಮುದ್ರೆ ಇರುವುದೇ ಇಷ್ಟ.

ಬರಹ ಅಳಿಸಿದ್ದರೆ ತಲೆಗೂದಲು ನೋಡು. ಹಿರಿಯ ಫೌಸ್ಟಿನಾಳ ತುರುಬು ನೆತ್ತಿಯ ಮೇಲೆ, ಮಗಳು ಕಿರಿಯ ಫೌಸ್ಟಿನಾಳದ್ದು ಹಿಂಗತ್ತಿನ ಹತ್ತಿರ. ಜೂಲಿಯಾ ಡೊಮ್ನಾಳದು ಅಲೆಅಲೆಯಾಗಿ ಕಿವಿ ಮುಚ್ಚುವ ದಟ್ಟ ಕೂದಲು, ಹಿಂದೆ ಅಗಲವಾದ ಗಂಟು. ಟ್ರಾಂಕ್ವಿಲ್ಲಿನಾ ಮತ್ತು ಅವಳ ನಂತರ ಬಂದ ಒಟಾಸಿಲಿಯಾ ಇಬ್ಬರದೂ ಕೂದಲನ್ನು ಕತ್ತಿನವರೆಗೆ ಇಳಿಬಿಟ್ಟು ಮತ್ತೆ ಹಿಂದಲೆಗೆ ಮಡಿಚಿ ಕಟ್ಟಿದ ಶೈಲಿ, ಹಣೆ ಮೇಲೆ ಕಿರೀಟಪಟ್ಟಿ. ಅವರಿಬ್ಬರನ್ನು ಕೂದಲಿನಿಂದ ಬೇರ್ಪಡಿಸಲು ಹೋದರೆ ಮೋಸ ಹೋಗುತ್ತೀಯ, ಅಕ್ಷರವೇ ಬೇಕು. ಮುಖ ಕೆತ್ತಿದ ಅಕ್ಕಸಾಲಿ ರಾಣಿಯನ್ನು ಕಣ್ಣಾರೆ ಕಂಡವನಲ್ಲ, ಒಂದೊಂದು ಊರಿನಲ್ಲಿ ಒಂದೊಂದು ಮೂಗು!

ಅಲೆಕ್ಸಾಂಡ್ರಿಯಾದವು ಇನ್ನೊಂದು ಬಗೆ. ಇಂಗ್ಲಿಷಿನ ‘ಎಲ್’ನಂಥ ಚಿಹ್ನೆಯ ಪಕ್ಕ ಆಳ್ವಿಕೆಯ ವರ್ಷ ಇರುತ್ತದೆ. ಸಲೋನಿನಾಳ ನಾಣ್ಯದಲ್ಲಿ ಅವಳ ಗಂಡ ಗ್ಯಾಲಿಯೆನಸ್‌ನ ವರ್ಷ. ಆ ಅಂಕಿಗೆ 252 ಕೂಡಿಸು. 15ನೇ ವರ್ಷವಾದರೆ 267ರ ಆಗಸ್ಟ್ ಕೊನೆಯಿಂದ 268ರ ಆಗಸ್ಟ್‌ವರೆಗೆ, ಏಕೆಂದರೆ ಈಜಿಪ್ಟಿನ ಹೊಸವರ್ಷ ಆಗಸ್ಟ್ ಕೊನೆಗೆ. ಹೆಸರಿಗೆ ಬೆಳ್ಳಿ, ನೋಡಲು ಕಂದು ಕಂಚು. ಅಷ್ಟರಲ್ಲಾಗಲೇ ಬೆಳ್ಳಿಯ ಪಾಲು ಅತ್ಯಲ್ಪ.

ಇನ್ನು ಮೋಸದ ಮಾತು. ಪೂರ್ತಿ ನಕಲಿಗಿಂತ ನಿನಗೆ ಹೆಚ್ಚು ಎದುರಾಗುವುದು ‘ತಿದ್ದಿದ’ ನಾಣ್ಯ. ಸವೆದ ಕಂಚನ್ನು ಮೊನೆ ಉಳಿಯಿಂದ ಕೆರೆದು ಕೂದಲಿನ ಎಳೆ, ಅಕ್ಷರದ ಅಂಚು ಹೊಸದಾಗಿ ಬಿಡಿಸಿ, ಮೇಲೆ ಹಸಿರು ಬಣ್ಣ ಕೊಟ್ಟಿರುತ್ತಾರೆ. ಹತ್ತುಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿ. ಕೆನ್ನೆ ಸವೆದು ಕೂದಲು ಮಾತ್ರ ಚೂಪಾಗಿದ್ದರೆ, ಅಕ್ಷರದ ಸುತ್ತಲ ಬಯಲು (ಚಿತ್ರ, ಬರಹ ಇಲ್ಲದ ಜಾಗ) ಉಳಿದ ಬಯಲಿಗಿಂತ ತಗ್ಗಾಗಿದ್ದರೆ ಕೈ ಹಾಕಬೇಡ. ಎರಕದ ನಕಲಿಯಲ್ಲಿ ಅಂಚಿನ ಸುತ್ತ ಸಣ್ಣ ಬೆಸುಗೆಗೆರೆ, ಬಯಲಲ್ಲಿ ಗಾಳಿಗುಳ್ಳೆಯ ತೂತುಗಳು, ಸಾಬೂನಿನಂತೆ ಮೊಂಡಾದ ಅಕ್ಷರ ಕಾಣುತ್ತವೆ.

ಕೊಂಡ ಮೇಲೆ ಹಿತ್ತಾಳೆ ತಂಬಿಗೆ ಬೆಳಗಿದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿಬಿಡಬೇಡ ತಾಯಿ! ನಿಂಬೆಹುಳಿಯೂ ಬೇಡ. ಎಷ್ಟೋ ಸಲ ಮೂಗು, ಕಣ್ಣು, ಅಕ್ಷರ ಉಳಿದಿರುವುದು ಕಂಚಿನಲ್ಲಲ್ಲ, ಮೇಲಿನ ಗಟ್ಟಿ ಕಿಲುಬಿನಲ್ಲಿ. ಹುಳಿ ಅದನ್ನು ಕರಗಿಸಿದರೆ ರಾಣಿಯೂ ಹೋದಳು. ಮಣ್ಣಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ, ನೀರು ಬದಲಾಯಿಸುತ್ತಾ, ಬಿದಿರಿನ ಕಡ್ಡಿಯಿಂದ ಬಿಡಿಸು.

ಗಟ್ಟಿ ಹಸಿರು ಕಿಲುಬು ಒಳ್ಳೆಯದು. ತಿಳಿಹಸಿರು ಪುಡಿ, ಮುಟ್ಟಿದರೆ ಬೆರಳಿಗೆ ಅಂಟುವಂಥದ್ದು, ಕಂಚಿನ ರೋಗ. ಒಳಗೆ ಕೂತ ಕ್ಲೋರೈಡು ತೇವ ಮತ್ತು ಗಾಳಿ ಸಿಕ್ಕಾಗ ಆಮ್ಲವಾಗಿ ಕಂಚನ್ನು ತಿನ್ನುತ್ತದೆ, ತಿಂದಷ್ಟೂ ಮತ್ತೆ ಕ್ಲೋರೈಡು ಹುಟ್ಟುತ್ತದೆ. ಮೊದಲು ಆ ನಾಣ್ಯವನ್ನು ಬೇರೆಯಿಡು. ಪುಡಿಯನ್ನು ಸೂಜಿಯಿಂದ ಪೂರ್ತಿ ಕೆರೆದು ತೆಗೆ. ಆಮೇಲೆ ಬಟ್ಟಿ ಇಳಿಸಿದ ನೀರಿನಲ್ಲಿ ಶೇ. 5ರಷ್ಟು ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಕರಗಿಸಿ ಮುಳುಗಿಸು, ವಾರಕ್ಕೊಮ್ಮೆ ದ್ರಾವಣ ಬದಲಿಸು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಬಣ್ಣ ಸ್ವಲ್ಪ ಬದಲಾಗಲೂಬಹುದು. ಮತ್ತೆ ಶುದ್ಧ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟು ಒಂದು ತಿಂಗಳು ಗಮನಿಸು. ಮೆತ್ತಗಿನ ಪಿವಿಸಿ ಚೀಲದಲ್ಲಿ ಯಾವುದನ್ನೂ ಇಡಬೇಡ, ಅದರಿಂದ ಒಸರುವ ಜಿಡ್ಡು ನಾಣ್ಯಕ್ಕೆ ಹತ್ತಿ ತಿನ್ನುತ್ತದೆ. ಪಾಲಿಯೆಸ್ಟರ್ ಚೀಲ ಕೊಳ್ಳು.

ಪ್ರತಿ ನಾಣ್ಯಕ್ಕೂ ಒಂದು ಚೀಟಿ: ತೂಕ, ಅಡ್ಡಳತೆ, ಅಚ್ಚಿನ ದಿಕ್ಕು, ಆರ್‌ಪಿಸಿ (‘ರೋಮನ್ ಪ್ರಾವಿನ್ಶಿಯಲ್ ಕಾಯಿನೇಜ್’ ಎಂಬ ನಾಣ್ಯಪಟ್ಟಿ) ಸಂಖ್ಯೆ, ಮಾರಿದವರು, ಅವರಿಗೆ ಬಂದದ್ದು ಎಲ್ಲಿಂದ. ದಿಕ್ಕು ನೋಡಲು ಮುಖ ನೆಟ್ಟಗೆ ಹಿಡಿದು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚು, ಹಿಂಬದಿಯ ತಲೆ ಗಡಿಯಾರದ ಯಾವ ಅಂಕಿಗೆ ಬಂತೋ ಅದನ್ನು ಬರೆ. ರಸೀದಿ ಇಲ್ಲದ್ದು ಬೇಡವೇ ಬೇಡ. ಟರ್ಕಿಗೆ ಪ್ರವಾಸ ಹೋದಾಗ ಪಾಳುಗುಡಿಯ ಬಳಿ ಮಾರುವವರಿಂದಂತೂ ಕೊಳ್ಳಬೇಡ. ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ಅಲ್ಲಿಂದ ಹೊರಗೆ ತರುವುದು ಅಪರಾಧ. ಐರೋಪ್ಯ ಒಕ್ಕೂಟದ ಹೊರಗಿಂದ ಪ್ರಾಚೀನ ವಸ್ತು ತರಿಸಲು 2025ರ ಜೂನ್ 28ರಿಂದ ನಿಯಮ ಬಿಗಿಯಾಗಿದೆ, ಆದ್ದರಿಂದ ನೀನಿರುವ ಜರ್ಮನಿಯೊಳಗಿನ ಅಂಗಡಿಯೇ ಲೇಸು. ಊರಿಗೆ ಬರುವಾಗ ತೋರಿಸಲೆಂದು ಹೊತ್ತು ತರಬೇಡ. ನೂರು ವರ್ಷ ದಾಟಿದ ನಾಣ್ಯ ನಮ್ಮ 1972ರ ಕಾಯ್ದೆಯಲ್ಲಿ ಪ್ರಾಚ್ಯವಸ್ತು, ವಾಪಸು ಒಯ್ಯುವಾಗ ವಿಮಾನನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀಯ.

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಸಿಕ್ಕ ನಾಣ್ಯದಲ್ಲೂ ರಾಣಿ ಇದ್ದಾಳಾ ಎಂದು ಕೇಳಿದ್ದೆಯಲ್ಲ. ಅಲ್ಲಿ ಸಿಕ್ಕಿದ್ದು ರೋಮಿನ ಚಕ್ರವರ್ತಿ ಟೈಬೀರಿಯಸ್‌ನ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ, ಪ್ರಾಂತೀಯದ್ದಲ್ಲ. ಆ ಬಗೆಯ ನಾಣ್ಯದ ಹಿಂದೆ ಕೂತ ಹೆಂಗಸನ್ನು ಅವನ ತಾಯಿ ಲಿವಿಯಾ ಎನ್ನುತ್ತಾರೆ, ಹೆಸರು ಬರೆದಿಲ್ಲ.

ನಾಲ್ಕರದೂ ಹಿಂಬದಿ ಫೋಟೋ ತೆಗೆದು ಕಳಿಸು. ದೀಪವನ್ನು ಎಡಮೇಲ್ಗಡೆಯಿಂದ ಓರೆಯಾಗಿ ಹಿಡಿ, ಆಗ ಅಕ್ಷರ ಎದ್ದು ಕಾಣುತ್ತವೆ. ಮೂರನೆಯದರ ಕಿವಿಯ ಹತ್ತಿರ ತಿಳಿಹಸಿರು ಕಾಣುತ್ತಿದೆ. ಅದನ್ನು ಕಡ್ಡಿಯಿಂದ ಮುಟ್ಟಿ ನೋಡಲು ಅಂಗಡಿಯವರನ್ನೇ ಕೇಳು, ಪುಡಿ ಉದುರಿದರೆ ಅಲ್ಲೇ ಬಿಟ್ಟು ಬಾ.

— ಅಪ್ಪ